ಮೂರು ಬೆರಳಿನ ತಿರುಪು

ಅಪ್ಪನ ಹೆಣವಿದ್ದ ಮಂಚದ ಕೆಳಗಿನಿಂದ ಕಾರ್ಖಾನೆಯ ಮ್ಯಾನೇಜರು ಪೆಟ್ಟಿಗೆ ಎಳೆಯತೊಡಗಿದಾಗ ಮಗಳು ಅದರ ಮೇಲೆ ಕಾಲಿಟ್ಟಳು.

"ಹೆಣ ಇನ್ನೂ ಹೊಸ್ತಿಲು ದಾಟಿಲ್ಲ, ಸ್ವಾಮಿ."

"ತಪ್ಪು ತಿಳ್ಕೋಬೇಡಿ ತಾಯಿ. ನಾಳೆ ನಮ್ಮ ಮ್ಯೂಸಿಯಂ ಶುರು. ಯುದ್ಧದ ಕಾಲದ ಮೈಕ್ರೋಸ್ಕೋಪು ಉಳಿದಿರೋದು ಇದೊಂದೇ. ನಿಮ್ಮ ತಂದೆಗೂ ಗೌರವ ಅಲ್ವಾ?"

"ಹೆಸರು ಯಾರದ್ದು ಹಾಕ್ತೀರಿ?"

ಮ್ಯಾನೇಜರು ಜೇಬಿನಿಂದ ಫಲಕ ತೆಗೆದ. 'ವಿನ್ಯಾಸ: ನಮ್ಮ ಸಂಸ್ಥಾಪಕರು.'

ಅಪ್ಪನ ಪಕ್ಕದ ಯಂತ್ರದಲ್ಲಿ ನಲವತ್ತು ವರ್ಷ ನಿಂತಿದ್ದ ಲೇತ್ ಮಾಮ ಮೂಲೆಯಿಂದ ಕೆಮ್ಮಿದ. "ಆ ಸಂಸ್ಥಾಪಕ ಪುಣ್ಯಾತ್ಮನಿಗೆ ಗಡಿಯಾರಕ್ಕೆ ಕೀಲಿ ಕೊಡೋಕೂ ಆಳು ಬೇಕಿತ್ತಲ್ಲಪ್ಪಾ!"

ಅಳುತ್ತಿದ್ದವರೂ ನಗು ತಡೆಯಲು ತುಟಿ ಕಚ್ಚಿಕೊಂಡರು. ಅಮ್ಮ ಮಾತ್ರ ತಲೆದೆಸೆಯಲ್ಲಿ, ಬಲಗೈಯನ್ನು ಶಾಲಿನೊಳಗೆ ಮುಚ್ಚಿಕೊಂಡು, ಕಲ್ಲಿನಂತೆ ಕೂತಿದ್ದಳು. ಹೊರಗಿನವರೆದುರು ಆ ಕೈ ಹೊರಬಂದದ್ದನ್ನು ಮಗಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

* * *

ಯುದ್ಧದ ವರ್ಷ ಸೈನ್ಯದ ವೈದ್ಯರಿಗೆ, ಮಡಚಿ ಹೆಗಲಿಗೇರಿಸುವ ಮೈಕ್ರೋಸ್ಕೋಪು ಬೇಕಾಗಿತ್ತು. ಗಡುವು ಹತ್ತಿರವಾದಂತೆ ಕಾರ್ಖಾನೆ ಹಿತ್ತಾಳೆ ಒತ್ತುವ ಯಂತ್ರಕ್ಕೆ ಕೈ ಸಿಕ್ಕದಂತೆ ತಡೆಯುವ ಕಾವಲು ಜಾಲರಿಯನ್ನೇ ಬಿಚ್ಚಿಸಿತು. ಅದಿದ್ದರೆ ಕೆಲಸ ನಿಧಾನವಂತೆ. ಮೂರನೆಯ ದಿನ ಅಲ್ಲಿ ದುಡಿಯುತ್ತಿದ್ದ ಅಮ್ಮನ ಬಲಗೈಯ ನಡುಬೆರಳು, ಉಂಗುರಬೆರಳು ಹೋದವು. 'ಅವಳದೇ ಅಜಾಗರೂಕತೆ' ಎಂದು ಬರೆದುಕೊಂಡು ಮನೆಗೆ ಕಳಿಸಿದರು.

ಮೊದಲ ಮಾದರಿಯನ್ನು ಅಪ್ಪನೇ ರೂಪಿಸುತ್ತಿದ್ದ. ಕಾಲುಗಳು ಮಡಚುತ್ತಿದ್ದವು. ಹೊಳೆದು ಶತ್ರುವಿನ ಕಣ್ಣಿಗೆ ಬೀಳದಂತೆ ಮೈಗೆ ಕಪ್ಪು ಬಳಿದಾಗಿತ್ತು. ದೀಪವಿಲ್ಲದ ಕಡೆ ಬಿಸಿಲು ಹಿಡಿಯಲು ಪುಟ್ಟ ಕನ್ನಡಿ. ನೋಟವನ್ನು ನಿಚ್ಚಳ ಮಾಡುವ ತಿರುಪೊಂದು ಬಾಕಿ. ಅದನ್ನು ಮನೆಗೆ ತಂದು ಅಮ್ಮನ ಮುಂದಿಟ್ಟ.

"ತಿರುಗಿಸು."

"ಈ ಮೊಂಡುಗೈಯಲ್ಲಾ? ಗಾಯದ ಮೇಲೆ ಬರೆ ಎಳೀತೀಯಾ?"

"ಅಲ್ಲಿ ಡಾಕ್ಟರ ಕೈಗೂ ಗುಂಡು ಬೀಳತ್ತೆ ಕಣೇ. ನಿನ್ನ ಕೈ ತಿರುಗಿಸಿದ್ರೆ ಯಾರ ಕೈಯಾದ್ರೂ ತಿರುಗಿಸತ್ತೆ."

ಅವಳ ಉಳಿದ ಮೂರು ಬೆರಳಿಗೆ ಮಸಿ ಹಚ್ಚಿ ತಿರುಪನ್ನು ಹಿಡಿಸಿದ. ಮಸಿ ಮೂಡಿದಲ್ಲಿ ಅರದಿಂದ ಉಜ್ಜಿ ಮೂರು ಕುಳಿ ತೆಗೆದ. ಅದೇ ಅಚ್ಚಿನಲ್ಲಿ ಸಾವಿರಾರು ಮೈಕ್ರೋಸ್ಕೋಪು ಯುದ್ಧಕ್ಕೆ ಹೋದವು. ಪದಕ ಸಂಸ್ಥಾಪಕರ ಎದೆಗೆ ಹೋಯಿತು. ಕರಗಿಸಲು ಎಸೆದಿದ್ದ ಮಾದರಿಯನ್ನು ಅಪ್ಪ ಕೇಳಿಕೊಂಡು ಮನೆಗೆ ತಂದ.

* * *

"ಈ ಕುಳಿಗಳಿವೆಯಲ್ಲ," ಮಗಳು ಕಾಲು ತೆಗೆದದ್ದೇ ಮ್ಯಾನೇಜರು ಪೆಟ್ಟಿಗೆ ತೆರೆದು ತೋರಿಸಿದ, "ದಪ್ಪ ಕೈಗವಸು ಹಾಕಿದವರಿಗೆ ಅಂತ ನಮ್ಮ ಸಂಸ್ಥಾಪಕರಿಗೇ ಹೊಳೆದದ್ದು. ದಾಖಲೆ ಇದೆ."

"ಹಾಗಾದ್ರೆ ಬೆರಳಿಟ್ಟು ತೋರ್ಸಿ," ಅಂದಳು ಮಗಳು.

ಮ್ಯಾನೇಜರ ಕೈಗೆ ತಿರುಪು ಸುಲಭವಾಗಿ ತಿರುಗಿತು. ಕುಳಿಗಳಲ್ಲಿ ಮಾತ್ರ ಬೆರಳು ಕೂರಲಿಲ್ಲ. ಹೆಬ್ಬೆರಳು, ತೋರುಬೆರಳು ಸರಿ. ಮೂರನೆಯ ಕುಳಿ ತೀರಾ ದೂರ. ಕಿರುಬೆರಳು ಚಾಚಿದರೆ ನಡುವಿನವೆರಡು ಅಡ್ಡ ಬಂದವು.

ಅಮ್ಮ ಎದ್ದಳು. ಶಾಲು ಸರಿಸಿ ಆ ಕೈಯನ್ನು ಹೊರತೆಗೆದಳು. ಮೂರು ಬೆರಳೂ ತಡಕಾಡದೆ, ತಮ್ಮ ಮನೆಗೆ ತಾವು ಹೋದಂತೆ, ಕುಳಿಗಳಲ್ಲಿ ಹೋಗಿ ಕೂತವು.

ಮಗಳು ಪೆಟ್ಟಿಗೆ ಮುಚ್ಚಿ ಕಂಕುಳಿಗೇರಿಸಿ, ಅವನು ಪಕ್ಕಕ್ಕಿಟ್ಟಿದ್ದ ಫಲಕವನ್ನು ಮ್ಯಾನೇಜರ ಅಂಗೈಯಲ್ಲಿಟ್ಟಳು. "ಖಾಲಿ ಕಪಾಟಲ್ಲಿ ಇದನ್ನೇ ಇಟ್ಕೊಳ್ಳಿ."

ಹೆಗಲು ಕೊಡುವವರು ಒಳಬಂದರು. ಅಮ್ಮ ಶಾಲನ್ನು ಮಂಚದ ಮೇಲೇ ಬಿಟ್ಟಳು. ಬೀದಿಯುದ್ದಕ್ಕೂ, ನೋಡುವವರೆಲ್ಲರ ಎದುರು, ಆ ಬರಿಗೈ ಅಪ್ಪನ ಚಟ್ಟದ ಅಂಚನ್ನು ಮೂರು ಬೆರಳಲ್ಲಿ ಹಿಡಿದು ನಡೆಯಿತು.