ಅಮ್ಮ ಬರೆದ ಸಂಜೆ

ಮೂಲೆಗೆ ಬೂಷ್ಟು ಹಿಡಿದಿದೆ ಎಂದು ಮಗಳು ಅಮ್ಮ ಬರೆದ ಚಿತ್ರವನ್ನು, ಹಳೆಯ ಚಿತ್ರಗಳನ್ನು ಶುಚಿ ಮಾಡುವವನ ಕೋಣೆಗೆ ತಂದಿದ್ದಳು. ಜೊತೆಗೆ ಚಿಕ್ಕಮ್ಮ, ತೀರಿಕೊಂಡ ಅಮ್ಮನ ತಂಗಿ.

ಹೊಳೆ, ದಂಡೆ, ಆಚೆ ಒಂದು ಸಾಲು ಮರ. ಗೆರೆಯೆಂಬುದೇ ಇಲ್ಲ, ಎಲ್ಲ ಚುಕ್ಕಿ. ಹತ್ತಿರ ಹೋದರೆ ಸಾಸಿವೆ ಚೆಲ್ಲಿದಂತೆ. ಹಿಂದೆ ಸರಿದರೆ ಕಂದು ನೀರಿನ ಮೇಲೆ ಹೊತ್ತು ಮುಳುಗುತ್ತಿರುವಂತೆ. ದೇವರೂ ಬೆಳಕನ್ನು ಹೀಗೇ ಬಿಡಿಬಿಡಿಯಾಗಿ ಚೆಲ್ಲಿರಬೇಕು. ಕೂಡಿಸಿಕೊಳ್ಳುವ ಕೆಲಸವನ್ನು ನೋಡುವವರಿಗೆ ಬಿಟ್ಟಿದ್ದಾನೆ.

ಮಗಳು ಕೂಡಿಸಿಕೊಂಡದ್ದು ಹೀಗೆ: ಅಪ್ಪ ಕೆಲಸದ ನೆಪದಲ್ಲಿ ಊರೂರು ಅಲೆದ, ಅಮ್ಮ ಒಂಟಿಯಾಗಿ ಕೊರಗಿದಳು, ಆ ಕೊರಗನ್ನೇ ಸಂಜೆಯಾಗಿ ಬರೆದಿಟ್ಟು ಸತ್ತಳು. ಅಂದಿನಿಂದ ಅಪ್ಪನಿಗೆ ಹಿಂದಿನ ಕೋಣೆ, ಬಾಗಿಲಲ್ಲಿ ಇಟ್ಟು ಹೋಗುವ ಊಟ. ಮಾತಿಲ್ಲ. "ಅದು ಬೆಳಗು ಕಣಮ್ಮ. ಅವಳು ಬರೆಯುವಾಗ ನಾನು ಪಕ್ಕದಲ್ಲೇ ಇದ್ದೆ" ಎಂದು ಮುದುಕ ಒಳಗಿನಿಂದ ಹೇಳಿದ್ದುಂಟು. ಮಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಶುಚಿ ಮಾಡುವವನು ಕಡ್ಡಿಗೆ ಹತ್ತಿ ಸುತ್ತಿ, ದ್ರಾವಣದಲ್ಲಿ ಅದ್ದಿ, ಆಕಾಶದ ಅಂಚಿನಲ್ಲಿ ಮೆಲ್ಲಗೆ ಉರುಳಿಸಿದ. ಹತ್ತಿ ಚಹಾದ ಬಣ್ಣಕ್ಕೆ ತಿರುಗಿತು. ಅದರಡಿಯಿಂದ ತಿಳಿನೀಲಿ ಚುಕ್ಕಿ, ಪಕ್ಕದಲ್ಲೇ ಎಳೆಗುಲಾಬಿ.

"ಇದು ಸಂಜೆ ಅಲ್ಲಮ್ಮ. ವಾರ್ನಿಷ್ ಹಳದಿಗಟ್ಟಿದೆ, ಒಲೆ ಹೊಗೆ ಬೇರೆ ಕೂತಿದೆ. ನೀಲಿ, ಗುಲಾಬಿ ಒತ್ತೊತ್ತಾಗಿ ಇಟ್ಟಿದ್ದಾರೆ ನೋಡಿ. ದೂರಕ್ಕೆ ಬೆಳಗಿನ ಮಂಜು. ಕೈ ಎಲ್ಲೂ ತಡವರಿಸಿಲ್ಲ. ಖುಷಿಯಾಗಿದ್ದವರ ಕೈ."

"ಖುಷಿಯಾಗಿದ್ರು ಅಂತ ಅದನ್ನೂ ನೀವೇ ಹೇಳ್ತೀರಾ?"

"ನಾನ್ ಹೇಳ್ತೀನಿ," ಎಂದಳು ಚಿಕ್ಕಮ್ಮ. "ನಿಮ್ಮಮ್ಮ ಹಾಡು ಗುನುಗ್ಕೊಂಡೇ ಬರೀತಿದ್ಲು. ಭಾವ ಬಣ್ಣದ ಪೆಟ್ಟಿಗೆ ಹಿಡ್ಕೊಂಡು ಕಂಬದ ಹಾಗೆ ನಿಂತಿರ್ತಿದ್ರು. ಕಾಲು ನೋಯುತ್ತೆ ಅಂದ್ರೆ ಬೈಸ್ಕೊಳ್ಳೋರು!"

"ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಹೇಳಿದ್ನಲ್ಲೇ! 'ನೀವು ಅವರ ಚೇಲಿ' ಅಂತ ನೀನೇ ಬಾಯಿ ಮುಚ್ಚಿಸ್ದೆ."

ಬೆರಳಗಲದ ಆ ನೀಲಿಯನ್ನು ಮಗಳು ಬಹಳ ಹೊತ್ತು ನೋಡಿದಳು. ಅದು ನಿಜವಾದರೆ, ಹಿಂದಿನ ಕೋಣೆಯ ಬಾಗಿಲಿಗೆ ತಾನೇ ಹೋಗಿ ತಲೆ ತಗ್ಗಿಸಿ ನಿಲ್ಲಬೇಕು.

"ಸಾಕು, ನಿಲ್ಸಿ. ಇಷ್ಟು ಜಾಗ ಮೊದಲಿನ ಹಾಗೇ ಕಂದು ಮಾಡಿಕೊಡಿ."

"ವಾರ್ನಿಷ್‌ಗೆ ಬಣ್ಣ ಬೆರೆಸಿ ಹಚ್ಚಬಹುದು. ಆದ್ರೆ ಗೊತ್ತಿದ್ದೂ ಗೊತ್ತಿದ್ದೂ..."

"ಹಚ್ಚಿ."

ಚಿಕ್ಕಮ್ಮ ಎದ್ದು ನಿಂತಳು. "ಮನೆಗೆ ಹೋದ ತಕ್ಷಣ ಭಾವ ಕೇಳ್ತಾರೆ, ಏನಂದ್ರು ಅಂತ. ಏನ್ ಹೇಳ್ಲಿ?"

"ಸಂಜೇನೇ ಅಂತೆ, ಅನ್ನಿ."