ಇಪ್ಪತ್ತೊಂಬತ್ತನೆಯ ದಿನದ ತಕರಾರು

ಗುಮಾಸ್ತ ಲಾಡ್ಲೇಸಾಬ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತಿದ್ದಾನೆ, ಹೊಲದ ಕಾಗದ, ಮನೆಯ ಕಾಗದ, ಮದುವೆಯ ಕಾಗದ, ಎಲ್ಲಕ್ಕೂ ಅದೇ ಎಂಜಲು — ಶಹಾಪುರದ ಈ ನೋಂದಣಿ ಕಚೇರಿಯ ಬೆಂಚಿನ ಮೇಲೆ ಸುಮಂಗಲಾ ಕೂತು ಅರ್ಧ ತಾಸಾಯಿತು, ನೋಟಿಸು ಅಂಟಿಸಿ ಇಪ್ಪತ್ತೊಂಬತ್ತು ದಿನ, ಇನ್ನೊಂದು ಕಳೆದಿದ್ದರೆ ಬುದ್ಧಪ್ರಿಯನೂ ಅವಳೂ ಗಂಡ ಹೆಂಡತಿ, ಲಾಡ್ಲೇಸಾಬ ತಲೆಯೆತ್ತಿದ, ಮೇಡಂ, ನಿಮ್ಮ ಮದುವಿಗೆ ತಕರಾರು ಬಂದದ್ರಿ. ತಕರಾರು! ಗೋಡೆಯ ಹಲಗೆಯ ಮೇಲೆ ಅವಳ ಫೋಟೋ, ತಂದೆಯ ಹೆಸರು, ಶಿರವಾಳದ ವಿಳಾಸ, ತಪ್ಪಿಸಿಕೊಂಡ ಎಮ್ಮೆಯ ಹಾಗೆ, ಯಾರದಾದರೂ ಇದ್ದರೆ ಬಂದು ಹಿಡಿದುಕೊಂಡು ಹೋಗಿ ಎಂಬ ಹಾಗೆ, ಹೊಲದ ಖರೀದಿಗೆ ಬಂದ ಯಾರೋ ಮೊಬೈಲಿನಲ್ಲಿ ಹೊಡೆದುಕೊಂಡು ಸುರಪುರದಲ್ಲಿರುವ ಅಣ್ಣ ಬಸುವಿಗೆ ಕಳಿಸಿದ. ಮೊದಲ ದಿನವೇ ಲಾಡ್ಲೇಸಾಬ ಹೇಳಿದ್ದ, ಹಿಂದೂ ಕಾಯ್ದೆದಾಗ ಬೌದ್ಧರೂ ಬರ್ತಾರ್ರಿ, ಗುಡಿಯಾಗ ತಾಳಿ ಕಟ್ಟಿ ಒಂದ್ ಫೋಟೋ ತರ್ರಿ, ನೋಟಿಸು ಬ್ಯಾಡ ಏನ್ ಬ್ಯಾಡ — ಬುದ್ಧಪ್ರಿಯ ಫಾರ್ಮು ಹಿಂದಕ್ಕೆ ತಳ್ಳಿದ, ಹಿಂದೂ ಅಂತ ಸಹಿ ಹಾಕಂಗಿಲ್ರಿ, ನಮ್ಮಜ್ಜ ಒದ್ದು ಬಂದ ಬಾಗಲಾ ನಾ ತಿರುಗಿ ಬಡೀಬೇಕೇನ್ರಿ, ವಿಶೇಷ ವಿವಾಹ ಕಾಯ್ದೀದ ಕೊಡ್ರಿ. ಆಗ ಅವನ ಮೇಲೆ ಎಷ್ಟು ಹೆಮ್ಮೆ ಅವಳಿಗೆ, ಈಗ ಅವನ ಕಾಲರ್ ಹಿಡಿಯಬೇಕು, ಇಲ್ಲ, ಅವನದೇನು ತಪ್ಪು, ಹೌದು, ಅವನದೂ ತಪ್ಪು, ನಿಮ್ಮಜ್ಜನ ಮಾತು ಉಳಿಯಿತು, ನನ್ನ ಅವ್ವನ ಮನೆ? ವಕೀಲ ಅರುಣಕುಮಾರನಿಗೆ ಫೋನು ಮಾಡಿದರೆ ಅವನು ಖುಷಿಯಲ್ಲಿದ್ದಾನೆ, ಎಲ್ಲೋ ಉತ್ತರದ ಹೈಕೋರ್ಟು ಈ ನೋಟಿಸು ಕಡ್ಡಾಯವಲ್ಲ ಅಂದದ, ಹಂಗಾರ ಕಿತ್ತು ಒಗೀರಿ ವಕೀಲರ, ಇಲ್ಲವಾ ತಂಗಿ, ಅದು ಅಲ್ಲಿಗಷ್ಟ, ನಾವು ಕಲಬುರಗಿ ಪೀಠಕ್ಕ ರಿಟ್ ಹಾಕೂಣು, ಖಾಸಗಿತನ ಮೂಲಭೂತ ಹಕ್ಕು, ಚೊಲೋ ಕೇಸ್ ಅದ — ಚೊಲೋ ಕೇಸಂತೆ, ತಾರೀಖು, ಮುಂದಿನ ತಾರೀಖು, ಅವಳಿಗೆ ತೀರ್ಪು ಬೇಡ, ನಾಳೆಯ ದಿನ ಬೇಕು.

ಲಾಡ್ಲೇಸಾಬ ತಕರಾರಿನ ಅರ್ಜಿಯನ್ನು ಮುಂದಿಟ್ಟ. ಜಾತಿ ಎಂದು ಬರೆದರೆ ನಡೆಯುವುದಿಲ್ಲ ಎಂದು ಬಸುವಿಗೆ ಯಾರೋ ಹೇಳಿಕೊಟ್ಟಿದ್ದಾರೆ, ಕಾಯ್ದೆ ಒಪ್ಪುವ ಕಾರಣವನ್ನೇ ಹುಡುಕಿದ್ದಾನೆ, ವಧುವಿಗೆ ಬುದ್ಧಿ ಸ್ಥಿಮಿತವಿಲ್ಲ. ಹುಚ್ಚಿ! ರಜೆಗೆ ಬಂದ ಅವನ ಮಗನಿಗೆ ಮಗ್ಗಿ ಬಾಯಿಪಾಠ ಮಾಡಿಸುವಾಗ ಹುಚ್ಚಿಯಲ್ಲ, ಊರ ಶಾಲೆಯಲ್ಲಿ ಗಣಿತ ಹೇಳುವಾಗ ಹುಚ್ಚಿಯಲ್ಲ — ಕೆಳಗೆ ಬಸುವಿನ ಸಹಿ, ಪಕ್ಕದಲ್ಲಿ ಕರೆಮ್ಮ, ವಧುವಿನ ತಾಯಿ, ನೀಲಿ ಹೆಬ್ಬೆಟ್ಟು. ಹೆಬ್ಬೆಟ್ಟು ಯಾಕೆ? ಅವ್ವನಿಗೆ ಸಹಿ ಬರುತ್ತದೆ, ಇವಳೇ ಕಲಿಸಿದ್ದು, ಒಂದು ದಸರಾ ರಜೆಯೆಲ್ಲ ಪಾಟಿಯ ಮೇಲೆ ತಿದ್ದಿಸಿ, ಸಾಯೂ ಮುಂದ ಯಾಕವಾ ನನಗ ಸಾಲಿ ಎಂದು ನಕ್ಕವಳು ಆಮೇಲೆ ಸಂಘದ ಸಭೆಯಲ್ಲಿ ಇಂಕಿನ ಡಬ್ಬಿ ಆಚೆ ಸರಿಸಿ, ಪೆನ್ನ ತಾ ಇಲ್ಲಿ ಎಂದಳಲ್ಲ, ಹಾಗಾದರೆ ಬಸು ಕೈ ಹಿಡಿದು ಒತ್ತಿಸಿದನೇ, ಇಲ್ಲ ಅವ್ವನೇ, ನೀ ಕಲಿಸಿದ ಹೆಸರಿಲೆ ನಿನಗ ಹುಚ್ಚಿ ಅನ್ನಂಗಿಲ್ಲ ಎಂದು — ಏನಂತ ಬರಕೊಳ್ಳಲಿ ಮೇಡಂ, ಲಾಡ್ಲೇಸಾಬ ಪೆನ್ನು ಹಿಡಿದ, ಹೆಬ್ಬೆಟ್ಟು ನಿಮ್ಮವ್ವಂದು ಹೌದೋ ಅಲ್ಲೋ? ಅಲ್ಲ ಎಂದರೆ ಅವ್ವನನ್ನು ಇಲ್ಲಿಗೆ ಕರೆಸುತ್ತಾರೆ, ಬಸುವಿನ ಎದುರು ನಿಲ್ಲಿಸಿ ಕೇಳುತ್ತಾರೆ, ಹೌದು ಎಂದರೆ ಅರ್ಜಿ ಅವ್ವನದೇ ಎಂದಾಗಿ ತನ್ನ ಬಾಯಿಂದಲೇ ತಾನು ಹುಚ್ಚಿ, ಆ ನೀಲಿಯ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ, ಜೋಳ ಕೊಯ್ಯುವಾಗ ಕುಡುಗೋಲು ತಾಗಿದ ಗಾಯ, ಅವ್ವನದೇ, ಬಾಯಿ ಬಿಡು ಸುಮಂಗಲಾ, ಹೇಳ್ರಿ ಮೇಡಂ, ಅವ್ವನದೇ ಹೆಬ್ಬೆಟ್ಟು, ಕಾಗದ ಹರಿಯುವಷ್ಟು ಒತ್ತಿದ ನೀಲಿ, ನಡುವೆ ಆ ಬಿಳಿ ಗೆರೆ, ಆ ಬಿಳಿ ಗೆರೆ