ಪಂಪಿಗೆ ಕುಂಕುಮ

ಸಮಸ್ತ ಬಾಯಾರಿದವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನಗೆ ಗಂಟಲಿದೆ, ನಾಲಿಗೆಯಿಲ್ಲ. ನಾನೊಂದು ಕೈಪಂಪು. ಇಂಗ್ಲೆಂಡಿನ ಪಬ್ಬುಗಳ ಕೌಂಟರಿನ ಮೇಲೆ ಉದ್ದ ಹಿಡಿಕೆಯೊಂದು ನಿಂತಿರುತ್ತದಲ್ಲ, ಅದೇ. ನನ್ನನ್ನು ಎಳೆದರೆ ನೆಲಮಾಳಿಗೆಯ ಪೀಪಾಯಿಯಿಂದ ಬಿಯರು ಮೇಲೆ ಬಂದು ಗ್ಲಾಸಿಗೆ ಬೀಳುತ್ತದೆ.

ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನ ಒಂದು ಎರಕದ ಶೆಡ್ಡಿನಲ್ಲಿ. ಹಿತ್ತಾಳೆ ಮೈ, ಪಿಂಗಾಣಿ ಕೈ. ಮೊದಲು ನನ್ನ ಕೈ ಹಿಡಿದವನು ಆರ್ಥರ್ ಎಂಬ ದಪ್ಪ ಮನುಷ್ಯ. ಕಪ್ಪು ಬಿಯರು ಬಿಟ್ಟು ಬೇರೇನೂ ಎಳೆಯಲಿಲ್ಲ. ಅವನು ಕೈಬಿಟ್ಟ ಮೇಲೆ ಮಗಳು ಹಿಡಿದಳು, ಅವಳೂ ಬಿಟ್ಟಳು. ಕೊನೆಗೆ ಡರ್ಬಿಯ ಒಂದು ಮೂಲೆ ಪಬ್ಬಿನಲ್ಲಿ ಹುಬ್ಬಳ್ಳಿಯ ಚನ್ನವೀರ ಹಿಡಿದ. ಅವನು ತರಿಸಿದ್ದು ಹೊಂಬಣ್ಣದ ಬಿಯರು, ಹಾಪ್ಸ್ ಎಂಬ ಕಹಿ ಹೂವನ್ನು ಧಾರಾಳವಾಗಿ ಹಾಕಿದ್ದು.

ಅಲ್ಲಿಂದ ನನ್ನ ತಲೆ ಕೆಟ್ಟಿತು. ಕುಡಿದವನೊಬ್ಬ 'ಆಗಷ್ಟೇ ಕತ್ತರಿಸಿದ ಹುಲ್ಲು' ಅನ್ನುತ್ತಾನೆ, ದಿನಾ ಹುಲ್ಲು ಮೇಯುವವನ ಹಾಗೆ. ಇನ್ನೊಬ್ಬಳಿಗೆ ಪೈನ್ ಮರ. ಚನ್ನವೀರನಿಗೆ ಮೊದಲು ಚಕ್ಕೋತ, ಆಮೇಲೆ ಹಾಗಲಕಾಯಿ. ನನ್ನ ಗಂಟಲಲ್ಲೇ ಹಾದುಹೋದದ್ದು ಮರವೋ, ಮೇವೋ, ಪಲ್ಯವೋ, ನನಗಿನ್ನೂ ತಿಳಿದಿಲ್ಲ.

ಒಂದು ವರ್ಷ ಕಟ್ಟಡದ ಮಾಲೀಕ ಪಬ್ಬು ಮುಚ್ಚಿಸಿ ಕಾಫಿ ಅಂಗಡಿಗೆ ಕೊಡಲು ಹೊರಟ. ಊರಿನ ಬಿಯರ್ ರಸಿಕರ ಸಂಘದ ಬಹುಮಾನ ಬಂದರೆ ಮಾತ್ರ ಉಳಿಸುತ್ತೇನೆ ಅಂದ. ತೀರ್ಪುಗಾರರು ಬರುವ ದಿನವೇ ಖಂಡೆ ಪೂಜೆ, ಆಯುಧಗಳ ಹಬ್ಬ. ಪೂಜೆ ಮಾಡಿದರೆ ಪಂಪು ಗೆಲ್ಲಿಸಿಯೇ ಗೆಲ್ಲಿಸುತ್ತದೆ ಎಂದು ಚನ್ನವೀರ ಹಿಗ್ಗಿದ. ಬೆಳಿಗ್ಗೆ ನನಗೆ ಸ್ನಾನ, ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ದಿನಾ ಎಳೆದಾಡುವವರು ಕೈಮುಗಿದರು. ನಾನೇನು ತಪ್ಪು ಮಾಡಿದೆ ಎಂದು ಗಾಬರಿಯಾಯಿತು.

ಸಂಜೆ ಕತ್ತಲಾದ ಮೇಲೆ ಮುಖ್ಯ ತೀರ್ಪುಗಾರ್ತಿ ಪಮೇಲಾ ಬಂದಳು. ಚನ್ನವೀರ ನನ್ನತ್ತ ಕೈ ಚಾಚಿದ.

"ರೀ, ಮುಟ್ಟಬ್ಯಾಡ್ರಿ!" ಹೆಂಡತಿ ಶಿವಲೀಲಾ ಒಳಗಿನಿಂದ ಓಡಿಬಂದಳು. "ಪೂಜಿ ಮಾಡಿದ ಸಾಮಾನು ನಾಳೆ ಮುಂಜಾನಿ ತನಕ ಕೆಲಸಕ್ಕ ಹಚ್ಚಂಗಿಲ್ಲ."

"ಏ, ಹುಬ್ಬಳ್ಳ್ಯಾಗ ಆಗಲೇ ಹನ್ನೆರಡು ಹೊಡದು ತಾರೀಖು ಬದಲಾಗೇತಿ!"

"ತಾರೀಖು ಬದಲಾದ್ರ ಏನಾತು? ಹೊತ್ತು ಹುಟ್ಟಬೇಕಲ್ರಿ. ಮತ್ತ ಪಂಪ್ ಎಲ್ಲೈತಿ, ಹುಬ್ಬಳ್ಳ್ಯಾಗೇನು?"

ಚನ್ನವೀರ ನೆಲಮಾಳಿಗೆಗೆ ಓಡಿ, ಪೀಪಾಯಿಯಿಂದಲೇ ಜಗ್ಗಿಗೆ ಹಿಡಿದು ತಂದ. ಪಮೇಲಾ ಮೂಸಿದಳು, ಗುಟುಕರಿಸಿದಳು, ಕಣ್ಣು ಮುಚ್ಚಿದಳು.

"ಈ ವರ್ಷ ಇಷ್ಟು ಚೆನ್ನಾಗಿರೋದು ಎಲ್ಲೂ ಕುಡಿದಿಲ್ಲ," ಅಂದಳು. "ಆದರೆ ಸ್ಪರ್ಧೆ ಕೈಪಂಪಿನ ಬಿಯರಿಗೆ. ಜಗ್ಗಿನದಕ್ಕೆ ಅಂಕ ಕೊಡೋ ಹಾಗಿಲ್ಲ. ಒಂದೇ ಒಂದು ಸಲ ಎಳೆಯಿರಿ, ಸಾಕು."

ಶಿವಲೀಲಾ ಗಂಡನ ಮುಖ ನೋಡಿದಳು. ಪಬ್ಬು ಅವಳದೂ ತಾನೆ. "ಎಳೀರಿ ಹಂಗಾರ," ಅಂದಳು ಮೆಲ್ಲಗೆ. "ದೇವಿ ತಿಳ್ಕೋತಾಳ."

ಚನ್ನವೀರ ಹಿಡಿಕೆ ಹಿಡಿದ. ಕುಂಕುಮ ಅಂಗೈಗೆ ಹತ್ತಿತು. ಅದನ್ನೇ ನೋಡುತ್ತ ನಿಂತ. ಕೈ ತೆಗೆದ.

"ನಾಳೆ ಬೆಳಿಗ್ಗೆ ಬರ್ತೀರಾ?" ಎಂದು ಪಮೇಲಾಳನ್ನು ಕೇಳಿದ.

"ಇವತ್ತೇ ಕೊನೆ," ಅಂದಳು ಅವಳು. ಜಗ್ಗು ಮಾತ್ರ ಖಾಲಿ ಮಾಡಿ ಹೋದಳು.

ಈಗ ಅಲ್ಲಿ ಕಾಫಿ ಸಿಗುತ್ತದೆ. ನಾನು ಚನ್ನವೀರನ ಅಡುಗೆಮನೆ ಕಿಟಕಿಯಲ್ಲಿದ್ದೇನೆ. ಕೆಳಗೆ ಪೀಪಾಯಿಯಿಲ್ಲ, ಎಳೆಯುವವರಿಲ್ಲ. ಪ್ರತಿ ಖಂಡೆ ಪೂಜೆಗೂ ಶಿವಲೀಲಾ ಕುಂಕುಮ ಹಚ್ಚಿ, ಮಾಲೆ ಹಾಕಿ, ಗಂಡನಿಗೆ ತಪ್ಪದೆ ಹೇಳುತ್ತಾಳೆ:

"ನೋಡ್ರಿ, ನಾಳೆ ಮುಂಜಾನಿ ತನಕ ಇದನ್ನ ಮುಟ್ಟಬ್ಯಾಡ್ರಿ."